ನಮ್ಮ ಆರ್‌ವಿಗೆ ಲಿಥಿಯಂ ಬ್ಯಾಟರಿ: ಚಾರ್ಜರ್ ಆರಿಸಿದ ಬಗೆ

ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿರುವ ಸ್ನೇಹಿತರೊಬ್ಬರು ಕಳೆದ ತಿಂಗಳು ಫೋನ್ ಮಾಡಿ, ತಮ್ಮ ಹಳೆಯ ಆರ್‌ವಿಯ ಎರಡು ಲೆಡ್ ಆಸಿಡ್ ಬ್ಯಾಟರಿಗಳನ್ನು ತೆಗೆಸಿ ಲಿಥಿಯಂ ಹಾಕಿಸಬೇಕೆಂದಿದ್ದೇನೆ, ಯಾವ ಕಂಪನಿಯದು ಒಳ್ಳೆಯದು ಎಂದು ಕೇಳಿದರು. ಬ್ಯಾಟರಿಯ ಮಾತು ಆಮೇಲೆ ಆಡೋಣ, ನಿಮ್ಮ ಗಾಡಿಯಲ್ಲಿರುವ ಚಾರ್ಜರ್ ಎಷ್ಟು ವೋಲ್ಟ್ ಕೊಡುತ್ತದೆ ಎಂದು ನಾನು ಕೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಚಾರ್ಜರ್ ಗಾಡಿಯಲ್ಲೇ ಇದೆಯಲ್ಲ, ಅದನ್ನೇಕೆ ಮುಟ್ಟಬೇಕು?" ಎಂದರು. ಎರಡು ವರ್ಷಗಳ ಹಿಂದೆ ನಾನೂ ಇದೇ ಮಾತನ್ನು ಆಡಿದ್ದೆ. ಆ ಎರಡು ವರ್ಷಗಳಲ್ಲಿ ಕಲಿತದ್ದನ್ನು ಅವರಿಗೆ ಫೋನಿನಲ್ಲಿ ಪೂರ್ತಿ ಹೇಳಲಾಗಲಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಆರ್‌ವಿ ಎಂದರೆ ಚಕ್ರದ ಮೇಲಿನ ಮನೆ. ನಾವು ಫ್ರೀಮಾಂಟಿನಲ್ಲಿದ್ದೇವೆ, ನಮ್ಮದು 2013ರ ಮಾದರಿಯ, 24 ಅಡಿ ಉದ್ದದ, ಎಂಜಿನ್ ತನ್ನಲ್ಲೇ ಇರುವ ಗಾಡಿ. ಇದರಲ್ಲಿ ದೀಪ, ನೀರಿನ ಪಂಪ್, ಗ್ಯಾಸಿನಿಂದ ಉರಿಯುವ ಹೀಟರಿನ ಫ್ಯಾನ್, ಫ್ರಿಜ್ಜಿನ ನಿಯಂತ್ರಣದ ಬೋರ್ಡು, ಇವೆಲ್ಲವೂ 12 ವೋಲ್ಟಿನ ಮನೆ ಬ್ಯಾಟರಿಯಿಂದ ನಡೆಯುತ್ತವೆ. ಕ್ಯಾಂಪ್‌ಗ್ರೌಂಡಿನ ಕಂಬಕ್ಕೆ ತಂತಿ ಸಿಕ್ಕಿಸಿದಾಗ ಅಥವಾ ಜನರೇಟರ್ ಹಚ್ಚಿದಾಗ ಬರುವ 120 ವೋಲ್ಟಿನ ವಿದ್ಯುತ್ತನ್ನು 12 ವೋಲ್ಟಿನ ಮಟ್ಟಕ್ಕೆ ಇಳಿಸಿ ಬ್ಯಾಟರಿಗೆ ತುಂಬುವ ಪೆಟ್ಟಿಗೆಯನ್ನು ಇಲ್ಲಿ ಕನ್ವರ್ಟರ್ ಎನ್ನುತ್ತಾರೆ. ಅದು ಹೆಚ್ಚಾಗಿ ಫ್ಯೂಸ್ ಪ್ಯಾನೆಲ್ಲಿನ ಹಿಂದೆ, ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿ ಕುಳಿತಿರುತ್ತದೆ. ಕಣ್ಣಿಗೆ ಬೀಳದ್ದರಿಂದಲೇ ಅದು ನೆನಪಿಗೂ ಬರುವುದಿಲ್ಲ.

ನಾನು ತಂದ ಎರಡು ಬ್ಯಾಟರಿಗಳು ತಲಾ 100 ಆಂಪ್-ಅವರ್‌ನವು, ಎಂದರೆ ಒಂದು ಆಂಪಿನಂತೆ ನೂರು ಗಂಟೆ ಕೊಡಬಲ್ಲವು. ಹಳೆಯ ಬ್ಯಾಟರಿ ಕೂರುತ್ತಿದ್ದ ಜಾಗದಲ್ಲೇ ಕೂರುತ್ತವೆ, ಹಳೆಯದನ್ನು ತೆಗೆದು ಹೊಸದನ್ನು ಇಟ್ಟರೆ ಸಾಕು ಎಂದು ಮಾರುವಾಗ ಹೇಳಿದ್ದರು. ಅಳತೆಯ ಮಟ್ಟಿಗೆ ಅದು ನಿಜವೂ ಆಗಿತ್ತು. ಒಂದೊಂದು ಬ್ಯಾಟರಿಯೂ ಸುಮಾರು 12 ಕಿಲೋ ತೂಗುತ್ತಿತ್ತು. ಎತ್ತಿ ಇಡಲು ಯಾರ ನೆರವೂ ಬೇಕಾಗಲಿಲ್ಲ. ಮನೆಯ ಮುಂದೆ ಗಾಡಿ ನಿಲ್ಲಿಸಿ ನಾಲ್ಕು ದಿನ ತಂತಿ ಸಿಕ್ಕಿಸಿಟ್ಟಾಗ ಮೊಬೈಲಿನ ಆ್ಯಪ್ 90 ಪ್ರತಿಶತ ದಾಟಿ ತೋರಿಸಿತು. ಎಲ್ಲವೂ ಸರಿಯಾಗಿದೆ ಎಂದುಕೊಂಡು ಏಪ್ರಿಲ್ ತಿಂಗಳಲ್ಲಿ ಯೊಸೆಮಿಟಿ ರಾಷ್ಟ್ರೀಯ ಉದ್ಯಾನಕ್ಕೆ ಹೊರಟೆವು.

ಯೊಸೆಮಿಟಿಯ ಅಪ್ಪರ್ ಪೈನ್ಸ್ ಕ್ಯಾಂಪ್‌ಗ್ರೌಂಡಿನಲ್ಲಿ ವಿದ್ಯುತ್ ಕಂಬಗಳಿಲ್ಲ. ಜನರೇಟರನ್ನು ಬೆಳಿಗ್ಗೆ 7ರಿಂದ 9, ಮಧ್ಯಾಹ್ನ 12ರಿಂದ 2, ಸಂಜೆ 5ರಿಂದ 7, ಈ ಮೂರು ಹೊತ್ತಿನಲ್ಲಿ ಮಾತ್ರ ನಡೆಸಬಹುದು. ಮಧ್ಯಾಹ್ನ ನಾವು ವರ್ನಲ್ ಜಲಪಾತದ ದಾರಿಯಲ್ಲಿರುತ್ತಿದ್ದೆವು. ಸಂಜೆ ಅಕ್ಕಪಕ್ಕದವರು ಬೆಂಕಿ ಹಾಕಿಕೊಂಡು ಊಟಕ್ಕೆ ಕೂತಿರುವಾಗ ಜನರೇಟರ್ ಹಚ್ಚಲು ಮನಸ್ಸು ಬರುತ್ತಿರಲಿಲ್ಲ. ಹೀಗಾಗಿ ನಮಗೆ ಸಿಕ್ಕಿದ್ದು ಬೆಳಗಿನ ಎರಡು ಗಂಟೆ. ಆ ಎರಡು ಗಂಟೆಯಲ್ಲಿ ಬ್ಯಾಟರಿಗೆ ಹೋಗುತ್ತಿದ್ದದ್ದು 18 ಆಂಪ್. ಕನ್ವರ್ಟರಿನ ಮೇಲೆ 45 ಆಂಪ್ ಎಂದು ಬರೆದಿತ್ತು.

ಲೆಕ್ಕ ಸುಲಭ. ರಾತ್ರಿಯಿಡೀ ಹೀಟರಿನ ಫ್ಯಾನ್ ಬಿಟ್ಟು ಬಿಟ್ಟು ತಿರುಗುತ್ತಿತ್ತು. ಅದು ತಿರುಗುವಾಗ ಏಳೆಂಟು ಆಂಪ್ ಎಳೆಯುತ್ತದೆ. ಅದರ ಜೊತೆಗೆ ದೀಪ, ಪಂಪ್, ಫೋನುಗಳು, ಬೆಳಗಿನ ಚಟ್ನಿಗೆ, ಬ್ಯಾಟರಿಯ ವಿದ್ಯುತ್ತನ್ನು 120 ವೋಲ್ಟಿಗೆ ಏರಿಸುವ ಇನ್ವರ್ಟರಿನಲ್ಲಿ ನಾಲ್ಕು ನಿಮಿಷ ಮಿಕ್ಸಿ, ಎಲ್ಲ ಸೇರಿ ದಿನಕ್ಕೆ ಸುಮಾರು 80 ಆಂಪ್-ಅವರ್ ಖರ್ಚಾಗುತ್ತಿತ್ತು. ಬರುತ್ತಿದ್ದದ್ದು 36. ಮೂರನೆಯ ರಾತ್ರಿ ಮೂರು ಗಂಟೆಯ ಹೊತ್ತಿಗೆ ಆ್ಯಪ್ 12 ಪ್ರತಿಶತ ತೋರಿಸುತ್ತಿತ್ತು. ಹೀಟರ್ ಆರಿಸಿ, ಇದ್ದಬದ್ದ ಕಂಬಳಿಗಳನ್ನೆಲ್ಲ ಮಕ್ಕಳಿಗೆ ಹೊದಿಸಿ, ಬೆಳಗಾಗುವವರೆಗೆ ಎದ್ದು ಕುಳಿತಿದ್ದೆ. ಸಾವಿರಾರು ಡಾಲರ್ ಖರ್ಚು ಮಾಡಿ ತಂದ ಬ್ಯಾಟರಿಯಲ್ಲಿ ಏನೋ ದೋಷವಿದೆ ಎಂದೇ ಆಗ ನಂಬಿದ್ದೆ. ಬ್ಯಾಟರಿಯಲ್ಲಿ ಯಾವ ದೋಷವೂ ಇರಲಿಲ್ಲ.

ಊರಿಗೆ ಮರಳಿದ ಮೇಲೆ ಬ್ಯಾಟರಿಯನ್ನು ಮತ್ತೆ ಅರ್ಧಕ್ಕೆ ಇಳಿಸಿ, ಎರಡು ಕಡೆ ವೋಲ್ಟ್ ಮೀಟರ್ ಇಟ್ಟು ನೋಡಿದೆ. ಕನ್ವರ್ಟರಿನ ಬಾಯಲ್ಲಿ 13.6 ವೋಲ್ಟ್, ಬ್ಯಾಟರಿಯ ಬಾಯಲ್ಲಿ 13.2. ತಂತಿಯ ಸುತ್ತ ಕ್ಲ್ಯಾಂಪ್ ಮೀಟರ್ ಹಿಡಿದರೆ ಅದೇ 18 ಆಂಪ್. ಈ ಮೂರು ಅಂಕಿಗಳಲ್ಲಿ ಇಡೀ ಸಮಸ್ಯೆ ಅಡಗಿದೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ.

ವಿದ್ಯುತ್ತು ಹರಿಯಬೇಕಾದರೆ ಮಟ್ಟದಲ್ಲಿ ವ್ಯತ್ಯಾಸ ಇರಬೇಕು. ಮೇಲಿನ ತೊಟ್ಟಿಯಿಂದ ಕೆಳಗಿನ ತೊಟ್ಟಿಗೆ ನೀರು ಇಳಿಯುವ ಹಾಗೆ. ಅರ್ಧ ಖಾಲಿಯಾದ ಲೆಡ್ ಆಸಿಡ್ ಬ್ಯಾಟರಿಯ ಮಟ್ಟ ಸುಮಾರು 12.1 ವೋಲ್ಟಿಗೆ ಇಳಿದಿರುತ್ತದೆ. ಅದಕ್ಕೆ 13.6 ವೋಲ್ಟಿನ ಚಾರ್ಜರ್ ಹಚ್ಚಿದರೆ ಒಂದೂವರೆ ವೋಲ್ಟಿನಷ್ಟು ಇಳಿಜಾರು ಸಿಗುತ್ತದೆ; ಆರಂಭದಲ್ಲಿ ವಿದ್ಯುತ್ತು ರಭಸದಿಂದ ಹರಿಯುತ್ತದೆ. ಲಿಥಿಯಂ ಬ್ಯಾಟರಿಯ ಸ್ವಭಾವ ಬೇರೆ. ಆರ್‌ವಿಗಳಲ್ಲಿ ಬಳಸುವುದು ಲಿಥಿಯಂ ಐರನ್ ಫಾಸ್ಫೇಟ್ ಎಂಬ ಜಾತಿ. ಒಂದೊಂದು ಕೋಶಕ್ಕೆ 3.2 ವೋಲ್ಟಿನಂತೆ ನಾಲ್ಕು ಕೋಶಗಳನ್ನು ಸಾಲಾಗಿ ಜೋಡಿಸಿದರೆ 12.8 ವೋಲ್ಟ್ ಆಗುತ್ತದೆ. ಇದರ ವೋಲ್ಟೇಜು ಕಾಲು ಭಾಗದಿಂದ ಮುಕ್ಕಾಲು ಭಾಗದವರೆಗೂ 13ರ ಆಸುಪಾಸಿನಲ್ಲಿ ಬಹುತೇಕ ಒಂದೇ ಸಮನೆ ಇರುತ್ತದೆ. ಅರ್ಧ ಖಾಲಿಯಾಗಿದ್ದರೂ ಅದರ ಮಟ್ಟ 13ರ ಮೇಲೇ ಇರುವುದರಿಂದ 13.6 ವೋಲ್ಟಿನ ಚಾರ್ಜರಿಗೆ ಉಳಿಯುವ ಇಳಿಜಾರು ಅರ್ಧ ವೋಲ್ಟಿನಷ್ಟು ಮಾತ್ರ. ಆ ಅರ್ಧ ವೋಲ್ಟನ್ನೂ ದಾರಿಯಲ್ಲಿ ತಂತಿ ತಿಂದುಹಾಕುತ್ತದೆ.

ನಮ್ಮ ಗಾಡಿಯ ತಂತಿ 8 ಗೇಜಿನದು (ಗೇಜಿನ ಅಂಕಿ ಇಳಿದಷ್ಟೂ ತಂತಿ ದಪ್ಪ). ಕನ್ವರ್ಟರಿನಿಂದ ಬಾಗಿಲ ಮೆಟ್ಟಿಲ ಕೆಳಗಿನ ಬ್ಯಾಟರಿ ಪೆಟ್ಟಿಗೆಯವರೆಗೆ 18 ಅಡಿ. ಹೋಗಿ ಬರುವ ದಾರಿ ಸೇರಿ 36 ಅಡಿ. 8 ಗೇಜಿನ ತಾಮ್ರದ ತಂತಿಗೆ ಸಾವಿರ ಅಡಿಗೆ ಸುಮಾರು 0.63 ಓಮ್ ರೋಧ ಇರುತ್ತದೆ; 36 ಅಡಿಗೆ 0.0226 ಓಮ್. ಇದನ್ನು 18 ಆಂಪಿನಿಂದ ಗುಣಿಸಿದರೆ 0.4 ವೋಲ್ಟ್ ಬರುತ್ತದೆ. 13.6ರಲ್ಲಿ 0.4 ಕಳೆದರೆ 13.2, ಮೀಟರ್ ತೋರಿಸಿದ್ದೂ ಅದನ್ನೇ. ಕಾಗದದ ಮೇಲಿನ ಲೆಕ್ಕವೂ ಮೀಟರಿನ ಮುಳ್ಳೂ ಒಂದೇ ಮಾತು ಹೇಳಿದ ಆ ಸಂಜೆ ನನಗೆ ಆದ ಸಮಾಧಾನ ಸಣ್ಣದಲ್ಲ. ಬ್ಯಾಟರಿಯ ಮೇಲೆ ಹೊರಿಸಿದ್ದ ಆರೋಪವನ್ನು ಮನಸ್ಸಿನಲ್ಲೇ ಹಿಂದಕ್ಕೆ ತೆಗೆದುಕೊಂಡೆ.

13.6 ವೋಲ್ಟಿನ ಚಾರ್ಜರಿನಿಂದ ಲಿಥಿಯಂ ಬ್ಯಾಟರಿ ಹಾಳಾಗುತ್ತದೆ ಎಂದು ಇದರ ಅರ್ಥವಲ್ಲ. ದಿನಗಟ್ಟಲೆ ಸಿಕ್ಕಿಸಿಟ್ಟರೆ ಅದು ಬಹುಪಾಲು ತುಂಬಿಯೇ ತುಂಬುತ್ತದೆ. ನಮ್ಮ ಮನೆಯ ಮುಂದೆ ಆದದ್ದು ಅದೇ. ಸದಾ ವಿದ್ಯುತ್ ಕಂಬವಿರುವ ಕ್ಯಾಂಪ್‌ಗ್ರೌಂಡಿಗೆ ಮಾತ್ರ ಹೋಗುವವರಿಗೆ ಈ ಕೊರತೆ ಬಹುಕಾಲ ತಿಳಿಯದೆಯೂ ಇರಬಹುದು. ಆದರೆ ಇನ್ನೊಂದು ಸಂಗತಿ ಇದೆ. ಬ್ಯಾಟರಿಯೊಳಗಿನ ನಾಲ್ಕು ಕೋಶಗಳು ಕಾಲ ಕಳೆದಂತೆ ಒಂದಕ್ಕೊಂದು ಸ್ವಲ್ಪ ಹಿಂದೆ ಮುಂದೆ ಆಗುತ್ತವೆ. ಅವುಗಳನ್ನು ಸಮಕ್ಕೆ ತರುವ ಕೆಲಸವನ್ನು ಒಳಗಿರುವ ಬಿಎಂಎಸ್ ಎಂಬ ಕಾವಲು ಬೋರ್ಡು ಮಾಡುತ್ತದೆ. ಸಾಮಾನ್ಯವಾಗಿ ಆ ಕೆಲಸ ಆರಂಭವಾಗುವುದು ವೋಲ್ಟೇಜು ಮೇಲಿನ ತುದಿಗೆ ಹತ್ತಿರವಾದಾಗ. ಎಂದೂ 13.6 ದಾಟದ ಬ್ಯಾಟರಿಯಲ್ಲಿ ಆ ಸಮತೋಲನ ಸರಿಯಾಗಿ ನಡೆಯುವುದೇ ಇಲ್ಲ.

ಈ ರಸಾಯನದ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಲಿಥಿಯಂ ಐರನ್ ಫಾಸ್ಫೇಟನ್ನು ಬ್ಯಾಟರಿಗೆ ಬಳಸಬಹುದೆಂದು ತೋರಿಸಿದ ಪ್ರಬಂಧ 1997ರಲ್ಲಿ ಆಸ್ಟಿನ್ನಿನ ಟೆಕ್ಸಸ್ ವಿಶ್ವವಿದ್ಯಾಲಯದಿಂದ ಬಂತು. ಅದರ ಲೇಖಕರಲ್ಲಿ ಒಬ್ಬರು 2019ರಲ್ಲಿ, ತಮ್ಮ 97ನೆಯ ವಯಸ್ಸಿನಲ್ಲಿ, ರಸಾಯನಶಾಸ್ತ್ರದ ನೊಬೆಲ್ ಪಡೆದ ಜಾನ್ ಗುಡ್‌ಇನಫ್. ಉಳಿದಿಬ್ಬರು ಎ.ಕೆ. ಪಾಧಿ ಮತ್ತು ಕೆ.ಎಸ್. ನಂಜುಂಡಸ್ವಾಮಿ. ನಂಜನಗೂಡಿನ ದೇವರ ಹೆಸರು ಆ ಸಾಲಿನಲ್ಲಿರುವುದನ್ನು ಮೊದಲ ಸಲ ಓದಿದಾಗ ಮೆಟ್ಟಿಲ ಕೆಳಗಿನ ಆ ಪೆಟ್ಟಿಗೆಯ ಬಗ್ಗೆ ನನಗೆ ಬೇರೆಯದೇ ಅಕ್ಕರೆ ಹುಟ್ಟಿತು.

ಇನ್ನು ಚಾರ್ಜರ್ ಆರಿಸುವ ಮಾತು. ಅಂಗಡಿಗಳಲ್ಲಿ ಈಗ ಬಹಳಷ್ಟು ಚಾರ್ಜರುಗಳ ಮೇಲೆ "ಲಿಥಿಯಂಗೆ ಸೂಕ್ತ" ಎಂಬ ಚೀಟಿ ಇರುತ್ತದೆ. ಆ ಚೀಟಿಯನ್ನು ಓದಿ ನಿಲ್ಲಿಸಬಾರದು. ಬ್ಯಾಟರಿಯ ಕೈಪಿಡಿಯನ್ನೂ ಚಾರ್ಜರಿನ ಕೈಪಿಡಿಯನ್ನೂ ಒಂದರ ಪಕ್ಕ ಒಂದು ಇಟ್ಟುಕೊಂಡು ಅಂಕಿಗಳನ್ನು ಹೋಲಿಸಬೇಕು. ನನ್ನ ಬ್ಯಾಟರಿಯ ಕೈಪಿಡಿ ತುಂಬುವ ವೋಲ್ಟೇಜು 14.2ರಿಂದ 14.6ರ ನಡುವೆ ಇರಬೇಕೆಂದೂ, ತುಂಬಿದ ಮೇಲೆ ಹಿಡಿದಿಡುವ ವೋಲ್ಟೇಜು 13.6 ಅಥವಾ ಅದಕ್ಕಿಂತ ಕಡಿಮೆ ಇರಬೇಕೆಂದೂ, ಒಂದೊಂದು ಬ್ಯಾಟರಿಗೆ 50 ಆಂಪಿನೊಳಗೆ ತುಂಬುವುದು ಉತ್ತಮವೆಂದೂ ಹೇಳಿತ್ತು. ಕೋಶವೊಂದಕ್ಕೆ 3.65 ವೋಲ್ಟ್ ಮಿತಿ ಎಂಬುದರಿಂದಲೇ 14.6 ಎಂಬ ಅಂಕಿ ಬರುತ್ತದೆ. ಬೇರೆ ತಯಾರಕರ ಅಂಕಿಗಳೂ ಇದರ ಸುತ್ತಮುತ್ತಲೇ ಇರುತ್ತವೆ, ಆದರೂ ತಮ್ಮ ತಮ್ಮ ಬ್ಯಾಟರಿಯ ಕೈಪಿಡಿ ಹೇಳಿದ್ದೇ ಕೊನೆಯ ಮಾತು. ಈ ಅಂಕಿಗಳ ಪ್ರಕಾರ ನೋಡಿದರೆ, ಎಜಿಎಂ ಎಂಬ ಮುಚ್ಚಿದ ಲೆಡ್ ಆಸಿಡ್ ಬ್ಯಾಟರಿಗೆಂದು ಮಾಡಿದ ಕೆಲವು ಹಳೆಯ ಮೂರು ಹಂತದ ಚಾರ್ಜರುಗಳು 14.4ಕ್ಕೆ ಏರಿ 13.6ಕ್ಕೆ ಇಳಿಯುವುದರಿಂದ ಲಿಥಿಯಂ ಜೊತೆಗೂ ಹೊಂದಿಕೊಂಡು ಹೋಗುತ್ತವೆ. ಅಂಥದ್ದು ಇದ್ದವರು ಸುಮ್ಮನೆ ಎಸೆಯಬೇಕಾಗಿಲ್ಲ.

ಆದರೆ ಅದಕ್ಕೆ ಮುನ್ನ ಎರಡು ಗುಣಗಳು ಇಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಮೊದಲನೆಯದು ಲೆಡ್ ಆಸಿಡ್ ಬ್ಯಾಟರಿಯ ತಟ್ಟೆಗಳ ಮೇಲೆ ಕಟ್ಟುವ ಸಲ್ಫೇಟನ್ನು ಬಿಡಿಸಲು ಚಾರ್ಜರ್ ತಾನಾಗಿಯೇ ವೋಲ್ಟೇಜನ್ನು 15.5 ಅಥವಾ ಅದಕ್ಕೂ ಮೇಲಕ್ಕೆ ಏರಿಸುವ ಗುಣ. ಕನ್ವರ್ಟರಿನ ಗುಟ್ಟು ತಿಳಿಯುವ ಮೊದಲು, ಗ್ಯಾರೇಜಿನಲ್ಲಿದ್ದ ಕಾರಿನ ಚಾರ್ಜರೊಂದನ್ನು ನಾನು ಈ ಬ್ಯಾಟರಿಗೆ ಹಚ್ಚಿದ್ದೆ. ಅರ್ಧ ಗಂಟೆಯ ಮೇಲೆ ಆ್ಯಪ್‌ನಲ್ಲಿ ಕೋಶದ ವೋಲ್ಟೇಜು ಮಿತಿ ಮೀರಿದೆ ಎಂಬ ಕೆಂಪು ಸಾಲು ಕಾಣಿಸಿ, ಬಿಎಂಎಸ್ ಚಾರ್ಜನ್ನು ಕಡಿದುಹಾಕಿತು. ಚಾರ್ಜರ್ ತನಗೆ ಸಿಕ್ಕಿದ್ದು ಕೆಟ್ಟ ಲೆಡ್ ಆಸಿಡ್ ಬ್ಯಾಟರಿ ಎಂದು ತಿಳಿದು ರಿಪೇರಿಗೆ ತೊಡಗಿತ್ತು. ಬ್ಯಾಟರಿಗೆ ಏನೂ ಆಗಲಿಲ್ಲ. ಆದರೆ ಬಿಎಂಎಸ್ ಎಂಬುದು ಹಿತ್ತಿಲ ಬಾಗಿಲಿಗೆ ಹಾಕಿದ ಕೊನೆಯ ಚಿಲಕ; ಚಿಲಕ ಗಟ್ಟಿಯಾಗಿದೆಯೆಂದು ದಿನವೂ ಬಾಗಿಲನ್ನು ಒದೆಯುವುದು ತರವಲ್ಲ.

ಎರಡನೆಯದು ಚಳಿಗೆ ತಕ್ಕಂತೆ ವೋಲ್ಟೇಜು ಏರಿಸುವ ಗುಣ. ಲೆಡ್ ಆಸಿಡ್ ಬ್ಯಾಟರಿಗೆ ಚಳಿಯಲ್ಲಿ ಹೆಚ್ಚು ವೋಲ್ಟೇಜು ಬೇಕಾಗುವುದರಿಂದ, ಒಳ್ಳೆಯ ಚಾರ್ಜರುಗಳು 25 ಡಿಗ್ರಿಯಿಂದ ಇಳಿದ ಒಂದೊಂದು ಡಿಗ್ರಿಗೂ ಸುಮಾರು 24 ಮಿಲಿವೋಲ್ಟ್ ಸೇರಿಸುತ್ತವೆ. ಶೂನ್ಯ ಡಿಗ್ರಿಯಲ್ಲಿ ಅದು 0.6 ವೋಲ್ಟ್ ಆಗುತ್ತದೆ; 14.4 ಇದ್ದದ್ದು 15 ಆಗುತ್ತದೆ. ಲೆಡ್ ಆಸಿಡ್‌ಗೆ ಇದು ಉಪಕಾರ, ಲಿಥಿಯಂಗೆ ಅಪಕಾರ. ಲಿಥಿಯಂ ಬ್ಯಾಟರಿಗೆ ಈ ಹೊಂದಾಣಿಕೆ ಬೇಕಾಗಿಯೇ ಇಲ್ಲ. ಚಾರ್ಜರಿನಲ್ಲಿ ಅದನ್ನು ನಿಲ್ಲಿಸುವ ಸೌಲಭ್ಯ ಇಲ್ಲದಿದ್ದರೆ ಆ ಚಾರ್ಜರನ್ನೇ ಬಿಡುವುದು ಒಳ್ಳೆಯದು.

ಚಳಿಯ ಮಾತು ಬಂದದ್ದರಿಂದ ಯೂಟಾ ರಾಜ್ಯದ ಬ್ರೈಸ್ ಕ್ಯಾನ್ಯನ್ನಿನ ಬೆಳಗೊಂದನ್ನು ಇಲ್ಲೇ ಹೇಳುತ್ತೇನೆ. ಅದು ಸುಮಾರು 2,400 ಮೀಟರ್ ಎತ್ತರದ ಜಾಗ. ಅಕ್ಟೋಬರ್ ಕೊನೆಯ ವಾರ, ಹೊರಗೆ ಶೂನ್ಯಕ್ಕಿಂತ ನಾಲ್ಕೈದು ಡಿಗ್ರಿ ಕೆಳಗೆ. ಜನರೇಟರ್ ಹಚ್ಚಿದೆ, ಕನ್ವರ್ಟರಿನ ಫ್ಯಾನ್ ತಿರುಗಿತು, ಬ್ಯಾಟರಿಗೆ ಮಾತ್ರ ಒಂದು ಆಂಪ್ ಕೂಡ ಹೋಗಲಿಲ್ಲ. ಲಿಥಿಯಂ ಬ್ಯಾಟರಿಯಿಂದ ಚಳಿಯಲ್ಲಿ ವಿದ್ಯುತ್ತು ತೆಗೆಯಬಹುದು. ಆದರೆ ಕೋಶಗಳು ಶೂನ್ಯ ಡಿಗ್ರಿಗಿಂತ ತಣ್ಣಗಿರುವಾಗ ತುಂಬಿದರೆ ಲಿಥಿಯಂ ಒಳಗೆ ಸೇರಿಕೊಳ್ಳದೆ ಲೋಹವಾಗಿ ಮೇಲ್ಮೈಯಲ್ಲಿ ಕಟ್ಟುತ್ತದೆ, ಆ ಹಾನಿ ಮತ್ತೆ ಸರಿಹೋಗುವುದಿಲ್ಲ. ಅದಕ್ಕಾಗಿ ಒಳ್ಳೆಯ ಬಿಎಂಎಸ್ ಚಳಿಯಲ್ಲಿ ಚಾರ್ಜನ್ನು ತಡೆಯುತ್ತದೆ. ನಮ್ಮ ಬ್ಯಾಟರಿಗಳು ಮೆಟ್ಟಿಲ ಕೆಳಗಿನ ತಗಡಿನ ಪೆಟ್ಟಿಗೆಯಲ್ಲಿ, ಎಂದರೆ ಹೊರಗಿನ ಗಾಳಿಯಲ್ಲೇ ಇದ್ದವು. ಬಿಸಿಲು ಏರಿ ಹನ್ನೊಂದು ಗಂಟೆಯಾಗುವವರೆಗೆ ಆ್ಯಪ್‌ನಲ್ಲಿ ಆ ತಡೆ ಸರಿಯಲಿಲ್ಲ.

ಲೆಡ್ ಆಸಿಡ್ ಬ್ಯಾಟರಿಯನ್ನು ಹೊರಗೆ ಇಡುವುದಕ್ಕೆ ಕಾರಣವಿದೆ: ತುಂಬುವಾಗ ಅದರಿಂದ ಹೈಡ್ರೋಜನ್ ಹೊರಡುತ್ತದೆ, ಅದಕ್ಕೆ ಗಾಳಿಯಾಡುವ ಜಾಗ ಬೇಕು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ತುಂಬುವಾಗ ಹಾಗೆ ಅನಿಲ ಬಿಡುವುದಿಲ್ಲ. ಹಾಗಾದರೆ ಅದನ್ನು ಒಳಗೇಕೆ ತರಬಾರದು ಎಂಬ ಪ್ರಶ್ನೆ ಬ್ರೈಸಿನಿಂದ ಮರಳುವ ದಾರಿಯಲ್ಲಿ ಹುಟ್ಟಿತು, ಮತ್ತು ಆ ಒಂದು ಪ್ರಶ್ನೆಯಿಂದ ನನ್ನ ಎರಡು ತೊಂದರೆಗಳೂ ಒಟ್ಟಿಗೆ ಕಳೆದವು. ಊಟದ ಮೇಜಿನ ಪಕ್ಕದ ಬೆಂಚಿನ ಕೆಳಗೆ ಬ್ಯಾಟರಿಗಳನ್ನು ಪಟ್ಟಿ ಕಟ್ಟಿ ಕೂರಿಸಿದೆ. ಅಲ್ಲಿ ಹೀಟರಿನ ಬೆಚ್ಚಗಿನ ಗಾಳಿ ತಾಗುತ್ತದೆ. ಹೊಸ ಚಾರ್ಜರನ್ನು, ಪ್ಯಾನೆಲ್ಲಿನೊಳಗೆ ಸೇರದ ಬೇರೆ ಪೆಟ್ಟಿಗೆಯ ಮಾದರಿಯದನ್ನು, ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಇಟ್ಟೆ. ಈಗ ಚಾರ್ಜರಿನಿಂದ ಬ್ಯಾಟರಿಗೆ ನಾಲ್ಕೇ ಅಡಿ, ತಂತಿ 4 ಗೇಜಿನದು. 60 ಆಂಪ್ ಹರಿಯುವಾಗಲೂ ದಾರಿಯಲ್ಲಿ ಕಳೆಯುವುದು 0.12 ವೋಲ್ಟ್. ಹಳೆಯ 8 ಗೇಜಿನ ತಂತಿಯಲ್ಲೇ 60 ಆಂಪ್ ಹರಿಸಲು ಹೋಗಿದ್ದರೆ 1.36 ವೋಲ್ಟ್ ಕಳೆಯುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ಆ ತಂತಿ ತಾಳಲಾರದಷ್ಟು ಬಿಸಿಯಾಗುತ್ತಿತ್ತು. ಚಾರ್ಜರ್ ಬದಲಿಸಿ ತಂತಿಯನ್ನು ಹಾಗೆಯೇ ಬಿಡುವವರು ಈ ಸಾಲನ್ನು ದಯವಿಟ್ಟು ಎರಡು ಸಲ ಓದಬೇಕು.

ಎಷ್ಟು ಆಂಪಿನ ಚಾರ್ಜರ್ ಎಂಬುದನ್ನು ತೀರ್ಮಾನಿಸಿದ್ದು ಯೊಸೆಮಿಟಿಯ ಆ ಎರಡು ಗಂಟೆ. ದಿನದ ಖರ್ಚು 80 ಆಂಪ್-ಅವರ್. ಎರಡು ಗಂಟೆಯಲ್ಲಿ ಅದನ್ನು ತುಂಬಲು ಕನಿಷ್ಠ 40 ಆಂಪ್ ಬೇಕು, ಕೊನೆಯಲ್ಲಿ ಹರಿವು ಇಳಿಯುವುದನ್ನೂ ಚಳಿ ಹೆಚ್ಚಾದ ದಿನವನ್ನೂ ಲೆಕ್ಕಕ್ಕೆ ಹಿಡಿದರೆ 60. ನನ್ನ ಎರಡು ಬ್ಯಾಟರಿಗಳು ಒಟ್ಟಿಗೆ 100 ಆಂಪ್ ತಡೆದುಕೊಳ್ಳುತ್ತಿದ್ದವು, ಆದ್ದರಿಂದ ಅತ್ತ ಕಡೆಯ ಅಡ್ಡಿ ಇರಲಿಲ್ಲ. ಇತ್ತ ಕಡೆಯ ಅಡ್ಡಿಯನ್ನು ಬಹಳ ಜನ ಮರೆಯುತ್ತಾರೆ. ಲೆಡ್ ಆಸಿಡ್ ಬ್ಯಾಟರಿ ಕಿರಿದಾದ ಬಾಯಿಯ ಕೊಡದಂತೆ: ತುಂಬುತ್ತ ಬಂದ ಹಾಗೆ ಒಳಗೆ ಹೋಗುವುದು ಕಡಿಮೆಯಾಗುತ್ತದೆ, ಚಾರ್ಜರಿಗೂ ವಿರಾಮ ಸಿಗುತ್ತದೆ. ಲಿಥಿಯಂ ಅಗಲ ಬಾಯಿಯ ಹಂಡೆ. ಕೊಟ್ಟಷ್ಟನ್ನೂ ಬಹುತೇಕ ಕೊನೆಯವರೆಗೆ ತೆಗೆದುಕೊಳ್ಳುತ್ತದೆ. ಚಾರ್ಜರ್ ತನ್ನ ಪೂರ್ತಿ ಶಕ್ತಿಯಲ್ಲಿ ಗಂಟೆಗಟ್ಟಲೆ ದುಡಿಯಬೇಕಾಗುತ್ತದೆ. 60 ಆಂಪನ್ನು 14.4 ವೋಲ್ಟಿನಿಂದ ಗುಣಿಸಿದರೆ 864 ವ್ಯಾಟ್. ಚಾರ್ಜರಿನ ದಕ್ಷತೆ 85 ಪ್ರತಿಶತ ಎಂದು ಹಿಡಿದರೆ ಜನರೇಟರಿನಿಂದ ಸಾವಿರ ವ್ಯಾಟಿನ ಮೇಲೆ ಎಳೆಯುತ್ತದೆ. ನಮ್ಮ ಗಾಡಿಯ 4,000 ವ್ಯಾಟಿನ ಜನರೇಟರಿಗೆ ಇದು ಭಾರವಲ್ಲ. ಕೈಯಲ್ಲಿ ಎತ್ತಿಕೊಂಡು ಹೋಗುವ 1,800 ವ್ಯಾಟಿನ ಜನರೇಟರ್ ಇರುವವರು ಎತ್ತರದ ಲೆಕ್ಕವನ್ನೂ ಮಾಡಬೇಕು: 300 ಮೀಟರ್ ಏರಿದರೆ ಸುಮಾರು ಮೂರೂವರೆ ಪ್ರತಿಶತ ಶಕ್ತಿ ಕುಂದುತ್ತದೆ, ಬ್ರೈಸಿನಂಥ ಜಾಗದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಹೋಗಿರುತ್ತದೆ. ಮನೆಯ ಗೋಡೆಯ 15 ಆಂಪಿನ ಪ್ಲಗ್ಗಿಗೆ ಗಾಡಿ ಸಿಕ್ಕಿಸಿ, ಚಾರ್ಜರ್ ದುಡಿಯುತ್ತಿರುವಾಗಲೇ ಮೈಕ್ರೋವೇವ್ ಹಚ್ಚಿದರೆ ಬ್ರೇಕರ್ ಬೀಳುವುದು ಖಂಡಿತ.

ಕೊನೆಗೆ ನಾನು ಕೊಂಡದ್ದು 14.4ಕ್ಕೆ ಏರಿ, ತುಂಬಿದ ಮೇಲೆ 13.6ಕ್ಕೆ ಇಳಿಯುವ 60 ಆಂಪಿನ ಚಾರ್ಜರ್. ಲಿಥಿಯಂಗೆಂದೇ ಮಾರುವ ಕೆಲವು ಕನ್ವರ್ಟರುಗಳು ಸಿಕ್ಕಿಸಿದಷ್ಟು ಹೊತ್ತೂ 14.6 ವೋಲ್ಟನ್ನೇ ಕೊಡುತ್ತವೆ. ಎರಡು ದಿನ ಓಡಾಡಿ ಬರುವವರಿಗೆ ಅದರಿಂದ ತೊಂದರೆಯಿಲ್ಲ. ವಾರಗಟ್ಟಲೆ ಕಂಬಕ್ಕೆ ಸಿಕ್ಕಿಸಿಡುವ ಅಭ್ಯಾಸವಿದ್ದರೆ ನಾನು ಅದನ್ನು ಆರಿಸುವುದಿಲ್ಲ. ತುಂಬಿ ತುಳುಕುವ ಸ್ಥಿತಿಯಲ್ಲಿ ಬಹುಕಾಲ ಇಟ್ಟರೆ ಲಿಥಿಯಂ ಬ್ಯಾಟರಿ ಬೇಗ ಮುಪ್ಪಾಗುತ್ತದೆ. ಇನ್ನೊಂದು ಸಂಗತಿಯನ್ನೂ ಕೈಪಿಡಿಯಲ್ಲಿ ನೋಡಿಕೊಂಡೆ. ಬ್ಯಾಟರಿ ತೀರಾ ಖಾಲಿಯಾದರೆ ಬಿಎಂಎಸ್ ಅದನ್ನು ಕಡಿದು ಮಲಗಿಸುತ್ತದೆ. ಆಗ ಅದರ ಬಾಯಲ್ಲಿ ಮೀಟರ್ ಇಟ್ಟರೆ ವೋಲ್ಟೇಜೇ ಇಲ್ಲದಂತೆ ಕಾಣುತ್ತದೆ. ಕೆಲವು ಚಾರ್ಜರುಗಳು ಎದುರಿಗೆ ವೋಲ್ಟೇಜು ಕಾಣದಿದ್ದರೆ ಬ್ಯಾಟರಿಯೇ ಇಲ್ಲವೆಂದು ತಿಳಿದು ಕೆಲಸ ಆರಂಭಿಸುವುದಿಲ್ಲ. ಮಲಗಿದ ಬ್ಯಾಟರಿಯನ್ನು ಎಬ್ಬಿಸುವ ಸೌಲಭ್ಯ ಇರುವ ಚಾರ್ಜರನ್ನೇ ತೆಗೆದುಕೊಳ್ಳಬೇಕು.

ಜೋಡಿಸುವಾಗ ಒಂದು ಸಂಗತಿ ನನ್ನನ್ನು ತಡೆದು ನಿಲ್ಲಿಸಿತು. ಕಾರುಗಳಲ್ಲಿ ಕಪ್ಪು ತಂತಿ ಎಂದರೆ ಮೈನಸ್. ಇಲ್ಲಿನ ಆರ್‌ವಿಗಳ 12 ವೋಲ್ಟಿನ ಮನೆಯ ತಂತಿಗಳಲ್ಲಿ ಅನೇಕ ಕಡೆ ಕಪ್ಪು ಪ್ಲಸ್, ಬಿಳಿ ಮೈನಸ್. ಬೆಂಚಿನ ಕೆಳಗೆ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು, ಕಪ್ಪು ತಂತಿಯನ್ನು ಮೈನಸ್ ಬೋಲ್ಟಿನ ಮೇಲೆ ಇಡುವಷ್ಟರಲ್ಲಿ ಏಕೋ ಅನುಮಾನ ಬಂದು ಮೀಟರ್ ಹಿಡಿದೆ. ಅದು ಪ್ಲಸ್ ಆಗಿತ್ತು. ತಿರುಗುಮುರುಗಾಗಿ ಮುಟ್ಟಿಸಿದರೆ ಕನ್ವರ್ಟರಿನ ರಕ್ಷಣೆಗೆಂದು ಇಟ್ಟಿರುವ ಫ್ಯೂಸುಗಳು ಕ್ಷಣದಲ್ಲಿ ಸುಟ್ಟುಹೋಗುತ್ತವೆ. ಬ್ಯಾಟರಿ ಬದಲಿಸಿದ ಮೇಲೆ ಕನ್ವರ್ಟರ್ ಸತ್ತಂತಿದ್ದರೆ ಮೊದಲು ನೋಡಬೇಕಾದದ್ದು ಆ ಫ್ಯೂಸುಗಳನ್ನು. ತಂತಿಯ ಬಣ್ಣವನ್ನು ನಂಬಬಾರದು, ಮೀಟರನ್ನು ನಂಬಬೇಕು. ಚಾರ್ಜರಿನ ತಂತಿಗೆ 80 ಆಂಪಿನ ಫ್ಯೂಸನ್ನು ಬ್ಯಾಟರಿಯ ಕಡೆ ಹಾಕಿದ್ದೇನೆ; ಬ್ಯಾಟರಿಯ ಮುಖ್ಯ ತಂತಿಗೆ ಕ್ಲಾಸ್ ಟಿ ಎಂಬ ಜಾತಿಯದು. ಲಿಥಿಯಂ ಬ್ಯಾಟರಿ ಶಾರ್ಟ್ ಆದರೆ ಹೊರಡುವ ಪ್ರವಾಹ ಸಾಮಾನ್ಯ ಫ್ಯೂಸು ಕರಗಿದ ಮೇಲೂ ಕಿಡಿಯಾಗಿ ಹಾರಿ ಹರಿಯಬಲ್ಲದು. ಕ್ಲಾಸ್ ಟಿ ಫ್ಯೂಸು 20,000 ಆಂಪಿನವರೆಗಿನ ಪ್ರವಾಹವನ್ನು ಕಡಿಯಬಲ್ಲದು.

ನಮ್ಮಂಥ ಗಾಡಿಯಲ್ಲಿ ಇನ್ನೊಂದು ಚಾರ್ಜರ್ ಇದೆ, ಅದು ಎಂಜಿನ್ ತಿರುಗುವಾಗ ವಿದ್ಯುತ್ತು ಹುಟ್ಟಿಸುವ ಆಲ್ಟರ್ನೇಟರ್. ಹಳೆಯ ಏರ್ಪಾಡಿನಲ್ಲಿ ರಿಲೇ ಎಂಬ ಸ್ವಿಚ್ಚೊಂದು ಎಂಜಿನ್ನಿನ ಬ್ಯಾಟರಿಯನ್ನೂ ಮನೆಯ ಬ್ಯಾಟರಿಯನ್ನೂ ನೇರವಾಗಿ ಜೋಡಿಸುತ್ತಿತ್ತು. ಅಗಲ ಬಾಯಿಯ ಹಂಡೆಯನ್ನು ನೇರವಾಗಿ ಅದಕ್ಕೆ ಜೋಡಿಸಿದರೆ ಆಲ್ಟರ್ನೇಟರ್ ತನ್ನ ಶಕ್ತಿಯೆಲ್ಲವನ್ನೂ ಸುರಿಯಬೇಕಾಗುತ್ತದೆ. ಸಿಗ್ನಲ್ಲಿನಲ್ಲಿ ನಿಂತು ಎಂಜಿನ್ ನಿಧಾನವಾಗಿ ತಿರುಗುವಾಗ ಅದಕ್ಕೆ ತಂಪುಗಾಳಿಯೂ ಸಾಲದೆ ಸುಟ್ಟುಹೋಗಬಹುದು. ಅದೂ ಅಲ್ಲದೆ ತುಂಬುತ್ತಿರುವಾಗ ಬಿಎಂಎಸ್ ಥಟ್ಟನೆ ಕಡಿದರೆ ಏಳುವ ವೋಲ್ಟೇಜಿನ ಅಲೆ ಆಲ್ಟರ್ನೇಟರಿನ ಡಯೋಡುಗಳನ್ನು ಹಾಳುಮಾಡಬಲ್ಲದು. ಅದಕ್ಕಾಗಿ ಆ ರಿಲೇ ತೆಗೆಸಿ, ನಡುವೆ 30 ಆಂಪಿನ ಡಿಸಿ-ಡಿಸಿ ಚಾರ್ಜರ್ ಹಾಕಿಸಿದ್ದೇನೆ. ಎಂಜಿನ್ ನಡೆಯುತ್ತಿರುವಾಗ ಮಾತ್ರ ಅದು ಅಳೆದು ಕೊಡುತ್ತದೆ. ಫ್ರೀಮಾಂಟಿನಿಂದ ಯೊಸೆಮಿಟಿಗೆ ನಮ್ಮ ಗಾಡಿಯ ವೇಗದಲ್ಲಿ ನಾಲ್ಕು ಗಂಟೆಗಿಂತ ಕಡಿಮೆಯಿಲ್ಲ. 30 ಆಂಪಿನಂತೆ ತಲುಪುವಷ್ಟರಲ್ಲಿ 120 ಆಂಪ್-ಅವರ್. ಮೊದಲೇ ಗೊತ್ತಿದ್ದರೆ ಎಲ್ಲಕ್ಕಿಂತ ಮುಂಚೆ ಇದನ್ನೇ ಹಾಕಿಸುತ್ತಿದ್ದೆ. ಚಾವಣಿಯ ಸೋಲಾರ್ ಕಂಟ್ರೋಲರಿನಲ್ಲಿ ಲಿಥಿಯಂ ಎಂಬ ಆಯ್ಕೆಯನ್ನು ಒತ್ತಿ, ಲೆಡ್ ಆಸಿಡ್‌ಗೆಂದು ವೋಲ್ಟೇಜು ಏರಿಸುವ ಈಕ್ವಲೈಸ್ ಎಂಬುದನ್ನು ನಿಲ್ಲಿಸಿದರೆ ಅಲ್ಲಿನ ಕೆಲಸ ಮುಗಿಯಿತು. ಇನ್ವರ್ಟರಿನಿಂದ ಇಡೀ ಗಾಡಿಗೆ 120 ವೋಲ್ಟ್ ಕೊಡುವವರು ಆ ಹೊತ್ತಿನಲ್ಲಿ ಚಾರ್ಜರಿನ ಬ್ರೇಕರನ್ನು ಆರಿಸಬೇಕು. ಇಲ್ಲದಿದ್ದರೆ ಬ್ಯಾಟರಿ ತನ್ನನ್ನು ತಾನೇ ತುಂಬಿಕೊಳ್ಳಲು ಹೊರಟು ಸುಮ್ಮನೆ ಬರಿದಾಗುತ್ತದೆ.

ಗಾಡಿ ಮನೆಯ ಮುಂದೆ ನಿಂತಿರುವಾಗ ಈಗ ನಾನು ಬ್ಯಾಟರಿಯನ್ನು 55-60 ಪ್ರತಿಶತಕ್ಕೆ ಇಳಿಸಿ, ಮುಖ್ಯ ಸ್ವಿಚ್ಚು ಆರಿಸಿ, ಚಾರ್ಜರಿನ ಪ್ಲಗ್ ಕಿತ್ತಿಡುತ್ತೇನೆ. ಮೈಸೂರಿನಲ್ಲಿ ಅಪ್ಪ ಇದನ್ನು ಕೇಳಿ, "ಹಾಗಾದರೆ ನಮ್ಮ ಯುಪಿಎಸ್‌ಗೂ ಲಿಥಿಯಂ ಹಾಕಿಸಿದರೆ ಡಿಸ್ಟಿಲ್ಡ್ ವಾಟರ್ ಹಾಕೋ ಕೆಲಸ ತಪ್ಪುತ್ತಲ್ಲ ಮಗಾ?" ಎಂದರು. ಅವರ ಯುಪಿಎಸ್ಸಿನಲ್ಲಿ ಇರುವುದು ಟ್ಯೂಬುಲರ್ ಎಂಬ ಲೆಡ್ ಆಸಿಡ್ ಬ್ಯಾಟರಿಗೆಂದು ಮಾಡಿದ ಚಾರ್ಜರ್. ಅದರ ಹಿಂದಿನ ಸ್ವಿಚ್ಚಿನಲ್ಲಿ ಲಿಥಿಯಂ ಎಂಬ ಆಯ್ಕೆ ಇದೆಯೇ ನೋಡಿ ಹೇಳಪ್ಪ, ಇಲ್ಲದಿದ್ದರೆ ಎರಡನ್ನೂ ಒಟ್ಟಿಗೇ ಬದಲಿಸೋಣ ಎಂದಿದ್ದೇನೆ.

ಈ ವರ್ಷದ ಏಪ್ರಿಲಿನಲ್ಲಿ ಮತ್ತೆ ಅಪ್ಪರ್ ಪೈನ್ಸ್‌ಗೆ ಹೋಗಿದ್ದೆವು. ಎರಡನೆಯ ಬೆಳಿಗ್ಗೆ 7 ಗಂಟೆಗೆ ಜನರೇಟರ್ ಹಚ್ಚಿದಾಗ ಬ್ಯಾಟರಿ 35 ಪ್ರತಿಶತದಲ್ಲಿತ್ತು, ಮೀಟರ್ 58 ಆಂಪ್ ತೋರಿಸುತ್ತಿತ್ತು. 9ಕ್ಕೆ ಆರಿಸಿದಾಗ 91. ಅಂದು ರಾತ್ರಿ ಹೀಟರ್ ಬೆಳಗಿನವರೆಗೂ ನಡೆಯಿತು, ಮಕ್ಕಳು ಕಂಬಳಿಯನ್ನು ಕಾಲಿನಿಂದ ತಳ್ಳಿ ಮಲಗಿದ್ದರು.

ಸ್ಯಾಕ್ರಮೆಂಟೊದ ಸ್ನೇಹಿತರು ಮೊನ್ನೆ ಪ್ಯಾನೆಲ್ಲಿನ ಮುಚ್ಚಳ ಬಿಚ್ಚಿ ಕನ್ವರ್ಟರಿನ ಲೇಬಲ್ಲಿನ ಚಿತ್ರ ಕಳಿಸಿದರು. 55 ಆಂಪ್, 13.6 ವೋಲ್ಟ್. ಅಲ್ಲಿಂದ ಬ್ಯಾಟರಿಯವರೆಗಿನ ತಂತಿ ಎಷ್ಟು ಅಡಿ, ಎಷ್ಟು ಗೇಜು ಎಂದು ಅಳೆದು ಹೇಳಿ ಎಂದಿದ್ದೇನೆ. ಶನಿವಾರ ಗಾಡಿಯ ಕೆಳಗೆ ಇಳಿದು ನೋಡುತ್ತೇನೆ ಎಂದಿದ್ದಾರೆ.